ನೀರಿನ ಗೆರೆಯ ಕಡೆಗೆ

ದಶಲಕ್ಷಣ ಪರ್ವ ಮುಗಿದ ಮೇಲೆ ಕ್ಷಮಾವಣಿ ಬರುತ್ತದೆ. ಅಂದು ನಮ್ಮೂರ ಬಸದಿಯ ಮಂಟಪದಲ್ಲಿ ಶ್ರಾವಕ ಶ್ರಾವಿಕೆಯರು ಪರಸ್ಪರ ಕೈಜೋಡಿಸಿ, ವರ್ಷವಿಡೀ ಅರಿತೋ ಅರಿಯದೆಯೋ ಆದ ತಪ್ಪುಗಳಿಗೆ ಕ್ಷಮೆ ಕೇಳುತ್ತಾರೆ. ನಾನೂ ಕೇಳುತ್ತಿದ್ದೆ, ಕಿರಿಯರ ಮುಂದೆಯೂ ತಲೆಬಾಗುತ್ತಿದ್ದೆ. ಮೇಷ್ಟ್ರ ವಿನಯವನ್ನು ಜನ ಮೆಚ್ಚುತ್ತಿದ್ದರು. ಆದರೆ ನನ್ನ ತಮ್ಮ ಎದುರಿಗೆ ಬರುವುದು ಕಂಡರೆ ಕಂಬದ ಆಚೆ ಸರಿದು, ಚಪ್ಪಲಿ ಹುಡುಕುವವನಂತೆ ಹೊರಗೆ ನಡೆಯುತ್ತಿದ್ದೆ. ಹೀಗೆ ಹನ್ನೊಂದು ಕ್ಷಮಾವಣಿಗಳು ಕಳೆದವು.

ಕಾರಣ ತೋಟದ ಪಾಲು. ನಾನು ವರ್ಗವಾದಲ್ಲೆಲ್ಲ ಸಂಸಾರ ಹೂಡುತ್ತ ಊರೂರು ತಿರುಗುತ್ತಿದ್ದಾಗ ತಂದೆತಾಯಿಯರನ್ನೂ ತೋಟವನ್ನೂ ನೋಡಿಕೊಂಡವನು ಅವನೇ. ಪಾಲಾಗುವಾಗ ಬಾವಿಯಿದ್ದ ಭಾಗ ತನಗೇ ಬೇಕೆಂದ. ನನಗೆ ದೊರೆತದ್ದು ನೀರಿಲ್ಲದ ತುಂಡು. ಅದರಿಂದ ನನ್ನ ಊಟಕ್ಕೇನೂ ಕೊರತೆಯಾಗಲಿಲ್ಲ. ಆದರೆ “ಅಣ್ಣನಿಗೇನು, ಸರ್ಕಾರ ಕೊಡುತ್ತದೆ” ಎಂದು ಹತ್ತು ಜನರೆದುರು ಅವನಾಡಿದ ಮಾತು ಎದೆಯಲ್ಲಿ ಕುಳಿತುಬಿಟ್ಟಿತು. ಭರತ ಬಾಹುಬಲಿಯರ ಕಥೆಯನ್ನು ತರಗತಿಯಲ್ಲಿ ಎಷ್ಟು ಸಲ ಹೇಳಿದ್ದೆನೋ! ಬಾಹುಬಲಿ ಗೆದ್ದು ಬಿಟ್ಟುಕೊಟ್ಟ. ನಾನು ಸೋತ ಮೇಲೂ ಬಿಡಲಿಲ್ಲ.

ನಿವೃತ್ತಿಯ ನಂತರ ಸ್ವಾಧ್ಯಾಯಕ್ಕೆ ಸಮಯ ಸಿಕ್ಕಿತು. ಶ್ರವಣಬೆಳಗೊಳದ ಮೂರ್ತಿಯನ್ನು ಮಾಡಿಸಿದ ಚಾವುಂಡರಾಯನ ಕಾಲದವರಾದ ಆಚಾರ್ಯ ನೇಮಿಚಂದ್ರ ಸಿದ್ಧಾಂತ ಚಕ್ರವರ್ತಿಗಳ ಗೊಮ್ಮಟಸಾರವನ್ನು ಒಬ್ಬ ಹಿರಿಯರೊಡನೆ ಕುಳಿತು ಓದತೊಡಗಿದೆ. ಪ್ರಾಕೃತ ನನಗೆ ಬಾರದು. ಕನ್ನಡ ತಾತ್ಪರ್ಯವೇ ಆಧಾರ. ಅದರ ಜೀವಕಾಂಡದಲ್ಲಿ ಕ್ರೋಧಕ್ಕೆ ನಾಲ್ಕು ಹೋಲಿಕೆಗಳಿವೆ: ಶಿಲೆಯ ಗೆರೆ, ನೆಲದ ಗೆರೆ, ಧೂಳಿನ ಗೆರೆ, ನೀರಿನ ಗೆರೆ. ಇದು ಬಾಲ್ಯದಿಂದ ಪ್ರವಚನಗಳಲ್ಲಿ ಕೇಳಿದ್ದೇ. ಪಾಠಶಾಲೆಯ ಮಕ್ಕಳಿಗೆ ಕಪ್ಪುಹಲಗೆಯ ಮೇಲೆ ಗೆರೆ ಎಳೆದು ವಿವರಿಸಿಯೂ ಇದ್ದೆ. ನಾನು ಗಮನಿಸದೆ ಇದ್ದುದು ಕರ್ಮಕಾಂಡದ ಲೆಕ್ಕವನ್ನು. ಕೋಪ ಹೊರಗೆ ತಣ್ಣಗಾದರೂ ಒಳಗೆ ಅದರ ವಾಸನೆ ಉಳಿಯುತ್ತದಷ್ಟೆ. ಸಂಜ್ವಲನ ಕಷಾಯದ ವಾಸನೆ ಅಂತರ್ಮುಹೂರ್ತ ಮಾತ್ರ, ಎಂದರೆ 48 ನಿಮಿಷದೊಳಗೆ ಅಳಿಯುವಂಥದು. ಪ್ರತ್ಯಾಖ್ಯಾನಾವರಣದ್ದು ಒಂದು ಪಕ್ಷ. ಅಪ್ರತ್ಯಾಖ್ಯಾನಾವರಣದ್ದು ಆರು ತಿಂಗಳು. ಅದನ್ನೂ ಮೀರಿ ಭವಭವಗಳಿಗೆ ಹಬ್ಬುವುದು ಅನಂತಾನುಬಂಧಿ. ಅದರ ಉದಯವಿರುವವರೆಗೆ ಸಮ್ಯಕ್ತ್ವ ನಿಲ್ಲದು.

ಪುಸ್ತಕ ಮುಚ್ಚಿದೆ. ಆರು ತಿಂಗಳೆಲ್ಲಿ, ಹನ್ನೊಂದು ವರ್ಷವೆಲ್ಲಿ! ಸೋಸಿದ ನೀರು, ರಾತ್ರಿಭೋಜನ ತ್ಯಾಗ, ಅಷ್ಟಮಿ ಚತುರ್ದಶಿಯ ಉಪವಾಸ, ಯಾವುದನ್ನೂ ತಪ್ಪಿಸಿದವನಲ್ಲ. ಮೆಟ್ಟಿಲೇರುತ್ತಿದ್ದೇನೆ ಎಂದುಕೊಂಡವನಿಗೆ ಹೊಸ್ತಿಲಲ್ಲೇ ನಿಂತಿರುವುದು ತಿಳಿಯಿತು. ಯಾರ ಕಷಾಯ ಯಾವ ಬಗೆಯದೆಂದು ನಿರ್ಣಯಿಸುವುದು ನಮ್ಮಂಥವರ ಕೆಲಸವಲ್ಲ ಎಂದು ಹಿರಿಯರು ಸಮಾಧಾನ ಹೇಳಿದರು. ಅದು ನಿಜವೇ. ಆದರೂ ಆ ಲೆಕ್ಕ ನನ್ನನ್ನು ಬಿಡಲಿಲ್ಲ.

ಆ ವರ್ಷದ ಕ್ಷಮಾವಣಿಗೆ ತಮ್ಮನ ಮನೆಗೇ ಹೋದೆ. ಬಸದಿಯಲ್ಲೇ ಕೇಳಬಹುದಿತ್ತು, ಆದರೆ ನಾಲ್ಕು ಜನ ನೋಡಿ ಮೆಚ್ಚಿಯಾರೆಂಬ ಆಸೆ ಒಳಗೆ ಇಣುಕಿತ್ತು. ಅದೂ ಮಾನಕಷಾಯವೇ. ತಮ್ಮ ಅಂಗಳದಲ್ಲಿ ಕುಳಿತು ಕತ್ತಿ ಮಸೆಯುತ್ತಿದ್ದ. ಕೈಜೋಡಿಸಿ, “ಹನ್ನೊಂದು ವರ್ಷ ನಿನ್ನ ಮೇಲೆ ದ್ವೇಷ ಇಟ್ಟುಕೊಂಡಿದ್ದೆ, ಕ್ಷಮಿಸು” ಎಂದೆ. ಅವನು ತಲೆಯೆತ್ತದೆ ಇನ್ನಷ್ಟು ಹೊತ್ತು ಮಸೆದ. ಆಮೇಲೆ, “ಒಳಗೆ ಬಾ ಅಣ್ಣಾ, ಕಾಫಿ ಆಗಿದೆ” ಎಂದ. ಬಾವಿಯ ಮಾತು ಅಂದೂ ಬರಲಿಲ್ಲ, ಈವರೆಗೂ ಬಂದಿಲ್ಲ.

ಅಲ್ಲಿಗೆ ಮನಸ್ಸು ಶಾಂತವಾಯಿತೆಂದು ಬರೆದರೆ ಸುಳ್ಳಾದೀತು. ಮರಳುವ ದಾರಿಯಲ್ಲೇ, ‘ಚಿಕ್ಕವನು ಅವನೇ ಮೊದಲು ಕೇಳಬೇಕಿತ್ತು’ ಎಂಬ ಯೋಚನೆ ಬಂತು. ಅಂದಿನಿಂದ ನಿತ್ಯ ಎರಡು ಘಳಿಗೆ ಸಾಮಾಯಿಕಕ್ಕೆ ಕೂರುತ್ತೇನೆ. ಮೊದಲ ವರ್ಷಗಳಲ್ಲಿ ಕಣ್ಣು ಮುಚ್ಚಿದೊಡನೆ ಒಳಗೆ ಕಚೇರಿ ಸೇರುತ್ತಿತ್ತು. ಫಿರ್ಯಾದಿ ನಾನೇ, ವಕೀಲ ನಾನೇ, ತೀರ್ಪು ಕೊಡುವವನೂ ನಾನೇ. ಈಗ ಏಳು ವರ್ಷಗಳಾದವು. ಆ ಕಚೇರಿಗೆ ಎಷ್ಟೋ ದಿನ ರಜೆ ಇರುತ್ತದೆ. ಆಗ ಅಂಗಳದ ಹಕ್ಕಿಯ ಸದ್ದು ಸುಮ್ಮನೆ ಕೇಳಿಸುತ್ತದೆ, ಉಸಿರು ತಾನಾಗಿ ಆಡುತ್ತದೆ. ನಾನು ಕಂಡ ಶಾಂತಿ ಇಷ್ಟೇ.

ಅಂಕ ಕೊಡುವ ಚಾಳಿ ಮೇಷ್ಟ್ರಿಗೆ ಬಿಡದು. ಕೋಪ ಹುಟ್ಟಿದ ದಿನವನ್ನೂ ಅಡಗಿದ ದಿನವನ್ನೂ ಒಂದು ನೋಟುಬುಕ್ಕಿನಲ್ಲಿ ಬರೆದಿಡುತ್ತೇನೆ. ಮೊದಲ ಪುಟದಲ್ಲಿ ಐದು ತಿಂಗಳೆಂದಿದೆ. ನಡುವೆ ನಲವತ್ತು ದಿನ, ಮೂವತ್ತು ದಿನ. ಒಮ್ಮೆ ಮತ್ತೆ ಮೂರು ತಿಂಗಳು. ಕಳೆದ ತಿಂಗಳು ಬೇಲಿ ಸರಿಪಡಿಸುವಾಗ ನನ್ನ ಕಡೆಯ ಹಲಸಿನ ಗಿಡವೊಂದನ್ನು ತಮ್ಮ ಕೇಳದೆ ಕಡಿದುಹಾಕಿದ. ಆ ಕೋಪಕ್ಕೆ ಒಂಬತ್ತು ದಿನವೆಂದು ಬರೆದು, ಪಕ್ಷದೊಳಗೇ ಮುಗಿಯಿತೆಂದು ಒಳಗೊಳಗೇ ಹಿಗ್ಗಿದೆ. ಮಡದಿ ಅದನ್ನು ನೋಡಿ, “ಮೊನ್ನೆ ಊಟಕ್ಕೆ ಕೂತಾಗಲೂ ಹಲಸಿನ ಮಾತೇ ಆಡುತ್ತಿದ್ದಿರಲ್ಲ” ಎಂದಳು.

ಒಂಬತ್ತನ್ನು ಹೊಡೆದು ಹನ್ನೆರಡು ಎಂದು ತಿದ್ದಿದೆ.