ಹಿಮ ನಿಂತಿತೇ?

ನವೆಂಬರಿನಲ್ಲಿ ಕಾಳಿನ ಮಾದರಿ ಹಿಡಿದು ನಮ್ಮ ಪ್ರಯೋಗಾಲಯಕ್ಕೆ ಬರುವ ರೈತರು ಒಬ್ಬರನ್ನೊಬ್ಬರು ಮೊದಲು ವಿಚಾರಿಸುವುದು ಧಾರಣೆಯನ್ನಲ್ಲ. ‘ನಿಮ್ಮ ಕಡೆ ಹಿಮ ನಿಂತಿತೇ?’ ಎಂದು ಕೇಳುತ್ತಾರೆ. ಹಿಮ ಅಕ್ಟೋಬರಿನಲ್ಲೂ ಬಿದ್ದಿರುತ್ತದೆ, ಮಾರನೇ ದಿನ ಕರಗಿರುತ್ತದೆ. ಅದಕ್ಕೆ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ಬಿದ್ದ ಹಿಮ ನೆಲ ಹಿಡಿದು ಮಾರ್ಚಿನವರೆಗೆ ಕೂತರೆ ಅದು ಲೆಕ್ಕ.

ನಾನಿರುವುದು ಕೆನಡಾದ ಸಸ್ಕಾಚೆವಾನ್ ಪ್ರಾಂತ್ಯದ ಸಸ್ಕಟೂನ್ ನಗರದಲ್ಲಿ. ಮಸೂರ, ಬಟಾಣಿ, ಗೋಧಿಯ ತೇವ ಅಳೆಯುವುದು ನನ್ನ ಕೆಲಸ. ಇಲ್ಲಿನ ವಿಶ್ವವಿದ್ಯಾಲಯದ ಆಲ್ ಸ್ಲಿಂಕಾರ್ಡ್ 1978ರಲ್ಲಿ ಲೇರ್ಡ್ ಎಂಬ ಮಸೂರ ತಳಿಯನ್ನು ಬಿಡುಗಡೆ ಮಾಡಿದ ಮೇಲೆ ಗೋಧಿಯ ಈ ಬಯಲು ಬೇಳೆಯ ಬಯಲೂ ಆಯಿತು. ಭಾರತ ಹೊರಗಿನಿಂದ ತರಿಸುವ ಮಸೂರದಲ್ಲಿ ದೊಡ್ಡ ಪಾಲು ಕೆನಡಾದ್ದು. ಹೀಗಾಗಿ ಇಲ್ಲಿನ ನವೆಂಬರಿಗೂ ನಿಮ್ಮ ಕಿರಾಣಿ ಅಂಗಡಿಗೂ ಸಂಬಂಧವೇ ಇಲ್ಲ ಎನ್ನುವಂತಿಲ್ಲ.

ಗದಗಿನ ಎರೆಹೊಲಗಳ ನಡುವೆ ಬೆಳೆದ ನನಗೆ ಬಯಲು ಹೊಸದಲ್ಲ. ಆದರೆ ಅಲ್ಲಿ ಕಣ್ಣಳತೆಯಲ್ಲಿ ಕಪ್ಪತಗುಡ್ಡವಾದರೂ ಇತ್ತು. ಇಲ್ಲಿಂದ ಉತ್ತರಕ್ಕೆ ಆರ್ಕ್ಟಿಕ್ ಸಾಗರದವರೆಗೆ ಗಾಳಿಗೆ ಅಡ್ಡ ನಿಲ್ಲುವ ಪರ್ವತಸಾಲೇ ಇಲ್ಲ. ಧ್ರುವದ ಕಡೆಯ ತಣ್ಣನೆಯ ಗಾಳಿ ಭಾರ. ಒಮ್ಮೆ ಹೊರಟರೆ ನೆಲಕ್ಕಂಟಿಕೊಂಡೇ ಬಂದು ತಲುಪುತ್ತದೆ. ಪಶ್ಚಿಮದಲ್ಲಿ ಮಾತ್ರ ರಾಕಿ ಪರ್ವತಗಳಿವೆ. ಪೆಸಿಫಿಕ್ ಸಾಗರದ ಹಸಿಗಾಳಿ ಅವನ್ನೇರುವಾಗ ಮಳೆಯನ್ನೂ ಹಿಮವನ್ನೂ ಆಚೆಗೇ ಸುರಿದು, ಈಚೆಗೆ ಇಳಿಯುವಾಗ ಒಣಗಿ, ಕಿಲೋಮೀಟರಿಗೆ ಸುಮಾರು 10 ಡಿಗ್ರಿಯಂತೆ ಬಿಸಿಯಾಗುತ್ತದೆ. ಇದೇ ಶಿನೂಕ್ ಗಾಳಿ. ಇದರ ಸುಖ ಹೆಚ್ಚಾಗಿ ಅನುಭವಿಸುವವರು ಅಲ್ಬರ್ಟಾದ ಕ್ಯಾಲ್ಗರಿ, ಲೆತ್‌ಬ್ರಿಡ್ಜ್ ಊರಿನವರು. ನಮಗೆ ಸಿಗುವುದು ಅವರು ಉಂಡುಬಿಟ್ಟಿದ್ದು.

ನವೆಂಬರ್ ತಿಂಗಳಿಡೀ ಈ ಎರಡು ಗಾಳಿಗಳ ಕಿತ್ತಾಟ. ಉತ್ತರದ್ದು ಗೆದ್ದರೆ ಮೈನಸ್ ಹದಿನೈದು, ಪಶ್ಚಿಮದ್ದು ಗೆದ್ದರೆ ರಸ್ತೆಯ ಮೇಲೆ ಕೆಸರು. ಈ ಹುಲ್ಲುಗಾವಲ ಪಟ್ಟಿ ದಕ್ಷಿಣಕ್ಕೆ ಅಮೆರಿಕದ ಒಕ್ಲಹೋಮದವರೆಗೂ ಚಾಚಿದೆ. 1911ರ ನವೆಂಬರ್ 11ರಂದು ಒಕ್ಲಹೋಮ ಸಿಟಿಯಲ್ಲಿ ಹಗಲು 28 ಡಿಗ್ರಿ ಇದ್ದ ಉಷ್ಣಾಂಶ ನಡುರಾತ್ರಿಯೊಳಗೆ ಮೈನಸ್ 8ಕ್ಕೆ ಕುಸಿಯಿತು. ಆ ತಾರೀಕಿನ ಗರಿಷ್ಠ, ಕನಿಷ್ಠ ಎರಡೂ ದಾಖಲೆ ಒಂದೇ ದಿನದವು!

ಸೂರ್ಯನಿಂದಲೂ ಹೆಚ್ಚಿನ ನೆರವಿಲ್ಲ. ಸಸ್ಕಟೂನ್ ಇರುವುದು 52 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ನವೆಂಬರ್ ಕೊನೆಯ ಮಧ್ಯಾಹ್ನ ಗದಗಿನಲ್ಲಿ ಸೂರ್ಯ ದಿಗಂತದಿಂದ 53 ಡಿಗ್ರಿ ಮೇಲಿದ್ದರೆ ಇಲ್ಲಿ ಬರೀ 16. ತಿಂಗಳ ಮೊದಲ ದಿನ ಎಂಟರ ಹೊತ್ತಿಗೆ ಹುಟ್ಟುವ ಸೂರ್ಯ ಕೊನೆಯ ದಿನ ಒಂಬತ್ತಕ್ಕೆ ಏಳೆಂಟು ನಿಮಿಷ ಇರುವಾಗ ಹುಟ್ಟಿ, ಸಂಜೆ ಐದಕ್ಕೆ ಮುಳುಗಿರುತ್ತಾನೆ. ಉತ್ತರ ಅಮೆರಿಕದ ಬಹುಪಾಲು ಊರುಗಳು ಈ ತಿಂಗಳಲ್ಲಿ ಗಡಿಯಾರ ಹಿಂದಿಡುತ್ತವೆ. ಸಸ್ಕಾಚೆವಾನ್ ಆ ಉಸಾಬರಿಗೆ ಹೋಗುವುದಿಲ್ಲ. ಇದರಲ್ಲಿ ನಾನು ಪೂರ್ತಿ ಇಲ್ಲಿಯವರ ಪರ.

ಇಂಥ ಬಡ ಬಿಸಿಲನ್ನೂ ನಿಂತ ಹಿಮ ಉಳಿಸುವುದಿಲ್ಲ. ಬರಿಯ ಕಪ್ಪು ಮಣ್ಣು ಬಿಸಿಲಿನ ಬಹುಪಾಲನ್ನು ಹೀರಿಕೊಂಡರೆ, ಹೊಸ ಹಿಮ ಶೇ. 80ರಷ್ಟನ್ನು ಆಕಾಶಕ್ಕೇ ತಿರುಗಿಸಿ ಕಳಿಸುತ್ತದೆ. ನೆಲ ಬಿಳಿಯಾದ ಮೇಲೆ ಚಳಿ ತಾನೇ ಚಳಿಯನ್ನು ಸಾಕಿಕೊಳ್ಳುತ್ತದೆ. 2020ರ ನವೆಂಬರ್ ಎರಡನೇ ವಾರದಲ್ಲಿ ಇಲ್ಲಿ ಒಂದೇ ಬಿರುಗಾಳಿಗೆ ಅಡಿಯಷ್ಟು ಹಿಮ ಬಿದ್ದು ಬೀದಿಬೀದಿಯಲ್ಲಿ ಕಾರುಗಳು ಹೂತುಹೋಗಿದ್ದವು.

ಹಾಗಿದ್ದೂ ರೈತ ಅದನ್ನೇ ಕಾಯುತ್ತಾನೆ. ಸೆಪ್ಟೆಂಬರಿನಲ್ಲಿ ಬಿತ್ತಿದ ಚಳಿಗಾಲದ ಗೋಧಿಯ ಜೀವ ಇರುವುದು ಮಣ್ಣಿನಿಂದ ಒಂದಂಗುಲ ಕೆಳಗೆ. ಮೇಲೆ ನಾಲ್ಕಂಗುಲ ಹಿಮ ಇದ್ದರೆ ಜನವರಿಯ ಮೈನಸ್ ಮೂವತ್ತರಲ್ಲೂ ಅದು ಬದುಕುತ್ತದೆ. ಹಿಮದೊಳಗೆ ಸಿಕ್ಕಿಕೊಂಡ ಗಾಳಿ ನೆಲದ ಶಾಖ ಹೊರಹೋಗದಂತೆ ತಡೆಯುತ್ತದೆ. ಹಿಂದಿನ ಬೆಳೆಯ ಕೂಳೆಯನ್ನು ಕೀಳದೆ ಅದರ ಸಾಲುಗಳ ನಡುವೆಯೇ ಗೋಧಿ ಬಿತ್ತುವುದು ಇದಕ್ಕಾಗಿ. ಕೂಳೆ ಇಲ್ಲದ ಹೊಲದ ಹಿಮವನ್ನು ಗಾಳಿ ಗುಡಿಸಿಕೊಂಡು ಪಕ್ಕದವನ ಹೊಲಕ್ಕೆ ಕೊಟ್ಟುಬಿಡುತ್ತದೆ. ಮಳೆ, ಹಿಮ ಎರಡೂ ಸೇರಿ ವರ್ಷಕ್ಕೆ 350 ಮಿಲಿಮೀಟರ್ ಆಸುಪಾಸು ಬೀಳುವ ಈ ಸೀಮೆಯಲ್ಲಿ ಮುಂದಿನ ವಸಂತದ ಹಸಿಯೂ ಅದರ ಜೊತೆಗೇ ಹೋಗುತ್ತದೆ.

ನವೆಂಬರಿನ ನಿಜವಾದ ಕಿತಾಪತಿ ನಾನು ಕಂಡದ್ದು ಕಣಜಗಳಲ್ಲಿ. ನಮ್ಮ ಕಡೆ ಜೋಳ ಹಾಕುತ್ತಿದ್ದ ಹಗೇವು ನೆಲದೊಳಗಿತ್ತು, ಅಲ್ಲಿ ಋತುಗಳ ಕಾಟ ಕಡಿಮೆ. ಇಲ್ಲಿಯದು ಬಯಲಲ್ಲಿ ನಿಂತ ಉಕ್ಕಿನ ಕಣಜ. ಸುಗ್ಗಿಯ ಬಿಸಿಲಲ್ಲಿ ತುಂಬಿದ ಕಾಳು ತನ್ನ ಬಿಸಿಯನ್ನು ಬೇಗ ಬಿಡುವುದಿಲ್ಲ. ನವೆಂಬರಿನಲ್ಲಿ ಗೋಡೆಯ ಪಕ್ಕದ ಕಾಳು ತಣ್ಣಗಾದಾಗ ಅಲ್ಲಿನ ಗಾಳಿ ಭಾರವಾಗಿ ಕೆಳಗಿಳಿಯುತ್ತದೆ, ತಳದಿಂದ ನಡುವಿಗೆ ಸರಿದು, ಬೆಚ್ಚಗಿರುವ ಕಾಳಿನ ಮೂಲಕ ತೇವ ಹೊತ್ತು ಮೇಲೇರುತ್ತದೆ. ತುದಿಯಲ್ಲಿ ತಣ್ಣನೆಯ ಕಾಳು ತಗುಲಿದೊಡನೆ ಆ ತೇವ ಅಲ್ಲೇ ಇಳಿಯುತ್ತದೆ. ತುಂಬುವಾಗ ಚೆನ್ನಾಗಿ ಒಣಗಿದ್ದ ಮಸೂರ, ಹೊರಗಿನಿಂದ ಒಂದು ಹನಿ ನೀರು ಸೇರದೆಯೂ, ವಸಂತದಲ್ಲಿ ತೆರೆದಾಗ ಮೇಲ್ಪದರ ಬೂಷ್ಟು ಹಿಡಿದಿರುತ್ತದೆ! ಅದಕ್ಕೇ ಕಣಜದ ಬುಡದಲ್ಲಿ ದೊಡ್ಡ ಫ್ಯಾನು ಇಟ್ಟು, ಚಳಿಗಾಳಿಯನ್ನೇ ಒಳಗೆ ಊದಿ, ನಡುವಿನ ಕಾಳನ್ನೂ ತಣಿಸುತ್ತಾರೆ. ಈ ತಿಂಗಳ ರಾತ್ರಿ ಹಳ್ಳಿಗಳಲ್ಲಿ ಕೇಳುವ ಗುಂಯ್ ಸದ್ದು ಆ ಫ್ಯಾನುಗಳದು.

ಮನೆಯೊಳಗಿನ ಗಾಳಿಯ ಪಾಡು ಇದಕ್ಕೆ ತಿರುಗುಮುರುಗು. ಮೈನಸ್ 15ರ ಗಾಳಿಯಲ್ಲಿ ಹಿಡಿಯುವ ತೇವವೇ ಅತ್ಯಲ್ಪ. ಅದನ್ನು ಒಳಗೆ ತಂದು 20 ಡಿಗ್ರಿಗೆ ಕಾಯಿಸಿದರೆ ಸಾಪೇಕ್ಷ ಆರ್ದ್ರತೆ ಶೇ. 10ಕ್ಕಿಂತ ಕೆಳಗೆ. ತುಟಿ ಒಡೆಯುತ್ತದೆ, ಬಾಗಿಲ ಹಿಡಿ ಮುಟ್ಟಿದರೆ ಚಟ್ ಎಂದು ಕಿಡಿ. ದೋಸೆ ಹಿಟ್ಟು ಓವನ್ನಿನೊಳಗೆ ದೀಪ ಹಾಕಿಟ್ಟರೆ ಮಾತ್ರ ಉಬ್ಬುತ್ತದೆ.

‘ಇವತ್ತ ಎಷ್ಟ ಡಿಗ್ರಿ ಐತವಾ?’ ಎಂದು ಅವ್ವ ಫೋನಿನಲ್ಲಿ ಕೇಳಿದಾಗ ನಾನು ಎರಡು ಅಂಕಿ ಹೇಳುತ್ತೇನೆ. ಮೈನಸ್ ಹತ್ತರಲ್ಲಿ ಗಂಟೆಗೆ 30 ಕಿಲೋಮೀಟರ್ ಗಾಳಿ ಬೀಸಿದರೆ ಮುಖಕ್ಕೆ ಅದು ಮೈನಸ್ ಇಪ್ಪತ್ತು. ಈ ಲೆಕ್ಕದ ಈಗಿನ ಸೂತ್ರ ಬಂದದ್ದು 2001ರಲ್ಲಿ. ಸ್ವಯಂಸೇವಕರ ಮುಖಕ್ಕೆ ಸಂವೇದಕ ಅಂಟಿಸಿ, ಟೊರೊಂಟೋದ ಗಾಳಿಸುರಂಗದಲ್ಲಿ ನಡೆಸಿ ನೋಡಿ ಮಾಡಿದ್ದು. ಅವ್ವ ಎರಡರಲ್ಲಿ ದೊಡ್ಡದನ್ನೇ ಓಣಿಗೆಲ್ಲ ಹೇಳುತ್ತಾಳೆ.

ಹಳೆಯ ರೈತರು ಜನವರಿ ಬದಲಾಗಿದೆ, ನವೆಂಬರ್ ಅಷ್ಟಾಗಿ ಬದಲಾಗಿಲ್ಲ ಎನ್ನುತ್ತಾರೆ. ಕೆನಡಾ ಸರ್ಕಾರದ 2019ರ ಹವಾಮಾನ ವರದಿ ಬಹುಮಟ್ಟಿಗೆ ಅವರ ಪರವಾಗಿದೆ. 1948ರಿಂದ 2016ರ ನಡುವೆ ಬಯಲು ಪ್ರಾಂತ್ಯಗಳ ವಾರ್ಷಿಕ ಸರಾಸರಿ 1.9 ಡಿಗ್ರಿ ಏರಿದೆ. ಚಳಿಗಾಲದ ಏರಿಕೆ 3.1, ಶರತ್ಕಾಲದ್ದು 1.1. ಕಡಿಮೆ ಎಂದು ಸಮಾಧಾನಪಡುವಂತಿಲ್ಲ. ಸೊನ್ನೆಯ ಆಚೀಚೆ ಓಲಾಡುವ ತಿಂಗಳಿಗೆ ಒಂದು ಡಿಗ್ರಿಯೂ ಹಿಮವನ್ನು ಮಳೆ ಮಾಡಲು ಸಾಕು. ಆ ಮಳೆ ಹೆಪ್ಪುಗಟ್ಟಿ ಮಂಜುಗಡ್ಡೆಯ ಹಲಗೆಯಾದರೆ ಕೆಳಗಿನ ಗೋಧಿಗೆ ಉಸಿರಾಡಲೂ ಆಗದು. ಆಗ ವಸಂತದಲ್ಲಿ ಆ ಹೊಲವನ್ನು ಕೈಬಿಟ್ಟು ಬಾರ್ಲಿಯನ್ನೋ ಕನೋಲವನ್ನೋ ಹೊಸದಾಗಿ ಬಿತ್ತಬೇಕು, ಬೀಜದ ಖರ್ಚು ಎರಡನೇ ಸಲ.