ಹೊಸಬರು ಬಂದ ವರ್ಷವೇ ಕಪ್ ಬರುತ್ತದೆಯೇ?

ಪ್ರಶ್ನೆ: ಪಿಯುಸಿ ಮುಗಿಸಿದ ಒಳ್ಳೆಯ ಕಬಡ್ಡಿ ಆಟಗಾರರು ಸೇರಿದರೆ ಡಿಗ್ರಿ ಕಾಲೇಜಿನ ತಂಡ ಆ ವರ್ಷವೇ ಗೆಲ್ಲುತ್ತದೆಯೇ?
– ಓದುಗರೊಬ್ಬರು, ಆಲೂರು

ಉತ್ತರ: ಬಂದವನು ರೈಡರ್ ಆದರೆ ಗೆಲ್ಲಿಸಬಲ್ಲ. ಕಾಲಿನ ಚುರುಕು, ಎದೆಗಾರಿಕೆ ಅವನೊಬ್ಬನವೇ. ಅಂಕಣಕ್ಕಿಳಿದ ದಿನವೇ ಅಂಕ ತರುತ್ತಾನೆ. ಹಿಡಿಯುವವರ ಮಾತು ಬೇರೆ. ಕಾರ್ನರ್‌ನವನು ಎದುರಾಳಿ ರೈಡರ್‌ನ ಕಾಲಿಗೆ ಕೈ ಹಾಕಿದ ಕ್ಷಣವೇ ಪಕ್ಕದ ಕವರ್ ಆಟಗಾರ ಮೇಲೆ ಬೀಳಬೇಕು. ಅರೆಗಳಿಗೆ ತಡವಾದರೂ ಏಳು ಜನರ ಅಂಕಣದಿಂದ ಇಬ್ಬರು ಮೂವರು ಒಟ್ಟಿಗೆ ಹೊರಗೆ. ಆ ಹೊಂದಾಣಿಕೆ ತಿಂಗಳುಗಟ್ಟಲೆ ಜೊತೆಗೆ ಆಡದೆ ಬರುವುದಿಲ್ಲ.

ನಮ್ಮ ಸಕಲೇಶಪುರ, ಆಲೂರು ಕಡೆ ಕಷ್ಟ ಇರುವುದೇ ಇಲ್ಲಿ. ಪ್ರವೇಶ ಮುಗಿಯುವ ಹೊತ್ತಿಗೆ ಮುಂಗಾರು ಹಿಡಿದು ಮೈದಾನ ಕೆಸರಾಗಿರುತ್ತದೆ. ಹೆತ್ತೂರು, ಹಾನುಬಾಳು ಕಡೆಯ ಹುಡುಗರಿಗೆ ಅಭ್ಯಾಸಕ್ಕೆಂದು ನಿಂತು ಸಂಜೆಯ ಬಸ್ಸು ತಪ್ಪಿದರೆ ಊರು ಸೇರುವುದೇ ಕಷ್ಟ.

ರೈಡರ್‌ಗೂ ಹಿಡಿಯುವವರಿಗೂ ಇರುವ ಈ ವ್ಯತ್ಯಾಸ ಕಬಡ್ಡಿಯಲ್ಲಷ್ಟೇ ಅಲ್ಲ. ಅಮೆರಿಕದ ಕಾಲೇಜು ಫುಟ್‌ಬಾಲ್‌ನಲ್ಲಿ 1972ರಿಂದ ಮೊದಲ ವರ್ಷದವರೂ ಮುಖ್ಯ ತಂಡಕ್ಕೆ ಆಡುತ್ತಿದ್ದಾರೆ. ಅಲ್ಲೂ ಚೆಂಡು ಹಿಡಿದು ಓಡುವವರು ಬೇಗ ಮಿಂಚುತ್ತಾರೆ. ಎದುರಾಳಿಯನ್ನು ಮೈಯೊಡ್ಡಿ ತಡೆಯುವ ಸಾಲಿನವರನ್ನು ಹೆಚ್ಚಾಗಿ ಒಂದು ವರ್ಷ ಕಾಯಿಸಿ ಬೆಳೆಸುತ್ತಾರೆ.

ಮೂರು ವರ್ಷದ ಡಿಗ್ರಿಯಲ್ಲಿ ಪ್ರತಿ ವರ್ಷವೂ ಹಳಬರು ಬಿಟ್ಟುಹೋಗುತ್ತಾರೆ. ಹಾಗಾಗಿ ಹೊಸ ರೈಡರ್‌ನನ್ನು ಮೊದಲ ಪಂದ್ಯದಿಂದಲೇ ಆಡಿಸಲಿ. ಹೊಸ ಕಾರ್ನರ್‌ನ ಪಕ್ಕದಲ್ಲಿ ಮಾತ್ರ ಅಂತಿಮ ವರ್ಷದ ಕವರ್ ಆಟಗಾರನೇ ನಿಲ್ಲಲಿ.