ರೊಟ್ಟಿಯ ಹೆಸರೂ ರಾಜ್ಯದ ಭಾಷೆಯೂ

ಉಕ್ರೇನು ದೇಶದ ಮನೆಗಳಲ್ಲಿ ಗೋಧಿಯ ಹಿಟ್ಟನ್ನು ನಾದಿ, ದುಂಡಗೆ ಕಟ್ಟಿ, ಒಲೆಯ ಗೂಡಿನಲ್ಲಿಟ್ಟು ಬೇಯಿಸುವ ಒಂದು ಬಗೆಯ ರೊಟ್ಟಿಯುಂಟು. ಅದಕ್ಕೆ ‘ಪಲ್ಯನಿತ್ಸ್ಯ’ ಎಂದು ಹೆಸರು. ನಮ್ಮ ಅಡಿಗೆಮನೆಯ ಪಲ್ಯಕ್ಕೂ ಇದಕ್ಕೂ ಯಾವ ನಂಟೂ ಇಲ್ಲವೆಂದು ವಾಚಕರಿಗೆ ಮೊದಲೇ ಅರಿಕೆಮಾಡಿಬಿಡುವೆವು. ೨೦೨೨ನೆಯ ಇಸವಿ ಫೆಬ್ರವರಿ ೨೪ರಂದು ರಷ್ಯಾದ ಸೈನ್ಯವು ಆ ದೇಶದ ಮೇಲೆ ಏರಿಬಂದಾಗ, ಗುರುತಿಲ್ಲದವನು ಎದುರಾದರೆ ಈ ರೊಟ್ಟಿಯ ಹೆಸರನ್ನು ಅವನಿಂದ ಹೇಳಿಸಿ ನೋಡುವ ರೂಢಿಯು ಹುಟ್ಟಿತು. ರಷ್ಯನ್ ನಾಲಗೆಗೆ ಅದರ ಕೊನೆಯ ಅಕ್ಷರವು ಸುಲಭವಾಗಿ ಹೊರಳದು. ಅಡಿಗೆಮನೆಯ ಮಾತೊಂದು ಕಾವಲುಗಾರರ ಸಂಕೇತವಾದ ಬಗೆಯನ್ನು ತಿಳಿಯಬೇಕಾದರೆ ನಾವು ನೂರೈವತ್ತು ವರ್ಷಗಳಿಗೂ ಹಿಂದಕ್ಕೆ ಹೋಗಬೇಕು.

ಉಕ್ರೇನೀ ಭಾಷೆಯೂ ರಷ್ಯನ್ ಭಾಷೆಯೂ ಒಂದೇ ಸ್ಲಾವ್ ಕುಲಕ್ಕೆ ಸೇರಿದವು. ಎರಡರ ಲಿಪಿಯೂ ಹೆಚ್ಚುಕಡಿಮೆ ಒಂದೇ. ಈ ಹತ್ತಿರದ ನಂಟೇ ಉಕ್ರೇನಿಗೆ ಮುಳುವಾಯಿತು. ಅದು ಸ್ವತಂತ್ರವಾದ ಭಾಷೆಯೇ ಅಲ್ಲ, ಹಳ್ಳಿಗರ ಬಾಯಲ್ಲಿ ಕೆಟ್ಟ ರಷ್ಯನ್ನೇ ಎಂಬುದು ಜಾರ್ ಚಕ್ರವರ್ತಿಗಳ ಅಧಿಕಾರಿಗಳ ಮತವಾಗಿದ್ದಿತು. ೧೮೬೩ರಲ್ಲಿ ಒಳಾಡಳಿತದ ಮಂತ್ರಿಯಾಗಿದ್ದ ವಲುಯೆವ್ ಎಂಬವನು ಸುತ್ತೋಲೆಯನ್ನು ಹೊರಡಿಸಿ, ಆ ಭಾಷೆಯಲ್ಲಿ ಪಾಠಪುಸ್ತಕಗಳನ್ನೂ ಧಾರ್ಮಿಕ ಗ್ರಂಥಗಳನ್ನೂ ಅಚ್ಚುಹಾಕಿಸಕೂಡದೆಂದು ತಡೆದನು. ಕಥೆ ಕವಿತೆಗಳಿಗೆ ಮಾತ್ರ ಅಡ್ಡಿಯಿರಲಿಲ್ಲ. ಇದು ಗಮನಿಸತಕ್ಕ ಸಂಗತಿ. ಕವಿತೆಯನ್ನು ಓದುವವರು ಕೆಲವರು. ಅಕ್ಷರಮಾಲೆಯಾದರೋ ರೈತನ ಮಗುವಿನ ಕೈಗೆ ಹೋಗುವುದು. ಮನೆಯ ಮಾತಿನಲ್ಲಿಯೇ ಓದುಬರಹ ಕಲಿತವನು ನಾಳೆ ಅದರಲ್ಲಿಯೇ ಅರ್ಜಿ ಬರೆದಾನು, ನ್ಯಾಯ ಕೇಳಿಯಾನು! ೧೮೭೬ರಲ್ಲಿ ಎರಡನೆಯ ಅಲೆಕ್ಸಾಂಡರ್ ಚಕ್ರವರ್ತಿಯು ಜರ್ಮನಿಯ ಎಮ್ಸ್ ಎಂಬ ಸ್ನಾನಕ್ಷೇತ್ರದಲ್ಲಿ ತಂಗಿದ್ದಾಗ ಹಾಕಿದ ರುಜುವಿನಿಂದ ಕಟ್ಟು ಇನ್ನೂ ಬಿಗಿಯಾಯಿತು. ಹೊರಗಿನಿಂದ ಪುಸ್ತಕ ತರಿಸುವುದೂ, ನಾಟಕವಾಡುವುದೂ, ಸಂಗೀತದ ಸ್ವರಗಳೊಡನೆ ಹಾಡಿನ ಮಾತುಗಳನ್ನು ಅಚ್ಚುಮಾಡುವುದೂ ನಿಷಿದ್ಧವಾದುವು. ೧೯೦೫ರ ಕ್ರಾಂತಿಯ ತರುವಾಯವೇ ಈ ಕಟ್ಟು ಸಡಿಲಿತು. ಅಲ್ಲಿಯ ತನಕ ಆ ಭಾಷೆಯ ಮುದ್ರಣಕ್ಕೆ ಆಸರೆಯಾದುದು ಆಸ್ಟ್ರಿಯಾದ ಆಳ್ವಿಕೆಯಲ್ಲಿದ್ದ ಲ್ವೀವ್ ನಗರ.

ಸೋವಿಯೆತ್ ಸರಕಾರವು ಮೊದಲು ಬೇರೆ ದಾರಿಯನ್ನು ಹಿಡಿಯಿತು. ೧೯೨೩ರಿಂದ ಶಾಲೆ, ಕಚೇರಿ, ಪತ್ರಿಕೆಗಳಲ್ಲಿ ಉಕ್ರೇನಿಯನ್ನು ಬಳಕೆಗೆ ತರಲಾಯಿತು. ವಿದ್ಯಾಖಾತೆಯ ಮುಖ್ಯಸ್ಥರಾಗಿದ್ದ ಮಿಕೊಲಾ ಸ್ಕ್ರಿಪ್ನಿಕ್ ೧೯೨೮ರಲ್ಲಿ ಕಾಗುಣಿತದ ಹೊಸ ಕಟ್ಟಳೆಗೆ ಒಪ್ಪಿಗೆಯಿತ್ತರು. ಲಕ್ಷಾಂತರ ಜನರು ಹಸಿವಿನಿಂದ ಮಡಿದ ೧೯೩೩ರಲ್ಲಿ ಮಾಸ್ಕೋದ ಮನಸ್ಸು ತಿರುಗಿತು. ಸ್ಕ್ರಿಪ್ನಿಕ್ ಆ ಜುಲೈ ತಿಂಗಳಲ್ಲಿ ಗುಂಡು ಹಾರಿಸಿಕೊಂಡು ಪ್ರಾಣಬಿಟ್ಟರು. ಅವರ ಕಾಗುಣಿತವು ತಿರಸ್ಕೃತವಾಯಿತು. ‘ಗ’ಕಾರವನ್ನು ಸೂಚಿಸುತ್ತಿದ್ದ ಒಂದು ಅಕ್ಷರವನ್ನೇ ವರ್ಣಮಾಲೆಯಿಂದ ತೆಗೆದುಹಾಕಿದರು. ಒಂದಕ್ಷರದಿಂದ ರಾಜ್ಯಕ್ಕೇನು ಕೇಡು ಎಂದು ವಾಚಕರು ಕೇಳಬಹುದು. ಉಕ್ರೇನಿಯಲ್ಲಿ ‘ಹ’ಕಾರದಂಥ ಧ್ವನಿಗೊಂದು, ‘ಗ’ಕಾರಕ್ಕೊಂದು ಅಕ್ಷರವಿದ್ದಿತು, ರಷ್ಯನ್ನಿನಲ್ಲಿ ಈ ಭೇದವಿಲ್ಲ. ಭೇದವು ಕಣ್ಣಿಗೆ ಬೀಳಬಾರದೆಂಬುದೇ ಉದ್ದೇಶ. ಆ ಅಕ್ಷರವು ಮರಳಿ ಬಂದುದು ೧೯೯೦ರಲ್ಲಿ.

೧೯೮೯ರ ಶಾಸನವೂ, ಸ್ವಾತಂತ್ರ್ಯಾನಂತರ ೧೯೯೬ರ ರಾಜ್ಯಾಂಗದ ಹತ್ತನೆಯ ವಿಧಿಯೂ ಉಕ್ರೇನಿಯನ್ನು ರಾಜ್ಯಭಾಷೆಯೆಂದು ಸಾರಿದುವು. ೨೦೦೧ರ ಜನಗಣತಿಯಲ್ಲಿ ನೂರಕ್ಕೆ ೬೭.೫ ಮಂದಿ ಅದನ್ನು ಮಾತೃಭಾಷೆಯೆಂದು ಬರೆಯಿಸಿದರು. ರಷ್ಯನ್ ಎಂದವರು ೨೯.೬ ಮಂದಿ. ಆದರೂ ಅನೇಕ ದೊಡ್ಡ ಪಟ್ಟಣಗಳ ಬೀದಿಯಲ್ಲಿ ಕೇಳಿಬರುತ್ತಿದ್ದುದು ರಷ್ಯನ್ನೇ. ೨೦೧೯ರ ಏಪ್ರಿಲಿನಲ್ಲಿ ಪಾರ್ಲಿಮೆಂಟು ಇನ್ನೊಂದು ಶಾಸನವನ್ನು ಮಾಡಿತು. ಅದರ ಪ್ರಕಾರ ೨೦೨೧ರ ಜನವರಿ ೧೬ರಿಂದ ಅಂಗಡಿಯವನೂ ಹೋಟೆಲಿನವನೂ ಗಿರಾಕಿಯನ್ನು ಮೊದಲು ಉಕ್ರೇನಿಯಲ್ಲಿಯೇ ಮಾತನಾಡಿಸತಕ್ಕದ್ದು. ಗಿರಾಕಿಯು ಕೇಳಿಕೊಂಡರೆ ಬೇರೆ ಭಾಷೆಯಲ್ಲಿ ವ್ಯವಹರಿಸಬಹುದು. ಮನೆಯ ಖಾಸಗಿ ಮಾತುಕತೆಗೂ ದೇವಾಲಯದ ವಿಧಿಗಳಿಗೂ ಶಾಸನವು ಅನ್ವಯಿಸದು.

ಈ ಮೇರೆಯನ್ನು ಹಾಕಿದುದು ವಿವೇಕವೆಂದು ನಮಗೆ ತೋರುತ್ತದೆ. ಆದರೂ ಆಕ್ಷೇಪಣೆಗಳು ಇಲ್ಲದಿಲ್ಲ. ರಷ್ಯನ್ ಪತ್ರಿಕೆಯನ್ನು ಹೊರಡಿಸುವವನು ಅಷ್ಟೇ ಪ್ರತಿಗಳನ್ನು ಉಕ್ರೇನಿಯಲ್ಲಿಯೂ ಅಚ್ಚುಹಾಕಿಸಬೇಕೆಂಬ ನಿಯಮವು ಸಣ್ಣ ಮುದ್ರಣಕಾರನಿಗೆ ಭಾರವೇ ಸರಿ. ೨೦೧೭ರ ವಿದ್ಯಾಶಾಸನವನ್ನು ಹಂಗೆರಿಯು, ಗಡಿಯಾಚೆಯ ತನ್ನ ಭಾಷಾಬಾಂಧವರ ಪರವಾಗಿ, ಬಲವಾಗಿ ವಿರೋಧಿಸಿತು. ಭಾಷೆಯೊಂದೇ ದೇಶಭಕ್ತಿಯ ಅಳತೆಗೋಲೆನ್ನುವಂತೆಯೂ ಇಲ್ಲ. ೨೦೧೯ರಲ್ಲಿ ಅಧ್ಯಕ್ಷರಾಗಿ ಚುನಾಯಿತರಾದ ಝೆಲೆನ್‌ಸ್ಕಿಯವರೇ ರಷ್ಯನ್ ಮಾತನಾಡುವ ಮನೆಯಲ್ಲಿ ಬೆಳೆದವರು; ನಟರಾಗಿ ಅವರು ಹೆಸರು ಗಳಿಸಿದುದೂ ಆ ಭಾಷೆಯಲ್ಲಿಯೇ. ೨೦೨೨ರ ದಾಳಿಯ ತರುವಾಯ ಇಂಥ ಎಷ್ಟೋ ಮನೆಗಳವರು ಹಳೆಯ ಮಾತನ್ನು ತಾವಾಗಿಯೇ ಬಿಟ್ಟರು.

ಎರಡನ್ನೂ ಬೆರೆಸಿ ಆಡುವ ಮನೆಗಳೂ ಅಲ್ಲಿ ಬಹಳ. ಆ ಬೆರಕೆಯ ಮಾತಿಗೆ ‘ಸುರ್ಝಿಕ್’ ಎನ್ನುವರು. ಶಾಲೆಯ ಉಪಾಧ್ಯಾಯರು ಅದನ್ನು ತಿದ್ದುತ್ತಲೇ ಇರುವರು. ಮಕ್ಕಳು ಮನೆಗೆ ಬಂದು ಅಜ್ಜಿಯೊಡನೆ ಅದನ್ನೇ ಆಡುವರು. ಮೊದಲಿಗೆ ಆ ಹೆಸರಿದ್ದುದು ಗೋಧಿಗೆ ರೈ ಎಂಬ ಧಾನ್ಯವನ್ನು ಬೆರೆಸಿ ಬೀಸಿದ ಹಿಟ್ಟಿಗೆ.